ಮಲೆನಾಡಿನ ತೇವಕ್ಕೆ ತಾಳಿದ ಆಲ್ಬಮ್: ಡಿ-ರಿಂಗ್ ಸ್ಕ್ರ್ಯಾಪ್‌ಬುಕ್‌ನ ದೀರ್ಘಾವಧಿ ಬಳಕೆಯ ವಿಮರ್ಶೆ

ಫೋಟೋ, ಟಿಕೆಟ್, ಪತ್ರಿಕೆಗಳನ್ನು ಬರಹದ ಜೊತೆ ಪುಟಗಳಲ್ಲಿ ಕೂಡಿಸಿಡುವ ಸ್ಕ್ರ್ಯಾಪ್‌ಬುಕ್ ಆರಂಭಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಬಣ್ಣದ ಕಾಗದ, ಸ್ಟಿಕರ್, ವಾಷಿ ಟೇಪು (ಚಿತ್ತಾರದ ಕಾಗದದ ಅಂಟುಪಟ್ಟಿ), ಅಂಕುಡೊಂಕು ಅಂಚಿನ ಕತ್ತರಿ ಇವನ್ನೆಲ್ಲ ಕೊಂಡು, ಆಲ್ಬಮ್ಮನ್ನು ಮಾತ್ರ ಕೊನೆಗೆ ಅಂಗಡಿಯಲ್ಲಿ ಸಿಕ್ಕಿದ್ದರಲ್ಲಿ ಆರಿಸುತ್ತಾರೆ. ಚಿಕ್ಕಮಗಳೂರಿನಲ್ಲಿ ಈ ಕ್ರಮ ನಡೆಯುವುದಿಲ್ಲ ಎಂಬುದು ಹಲವು ಮಳೆಗಾಲಗಳ ಬಳಕೆಯ ನಂತರ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ. ಆರಿದ್ರೆ ಮಳೆ ಹಿಡಿದರೆ ಆಶ್ಲೇಷ ಕಳೆಯುವವರೆಗೂ ಇಲ್ಲಿ ಚಪ್ಪಲಿ, ಬೆಲ್ಟು, ಮೂಲೆಯಲ್ಲಿಟ್ಟ ಚೀಲ ಎಲ್ಲಕ್ಕೂ ಬೂಷ್ಟು ಬರುತ್ತದೆ. ಫೋಟೋದ ಮೇಲ್ಪದರದಲ್ಲಿರುವ ಜೆಲಾಟಿನ್ ಬೂಷ್ಟಿಗೆ ಒಳ್ಳೆಯ ಆಹಾರ. ಗಾಳಿಯ ತೇವಾಂಶ ಶೇಕಡಾ 65ರಿಂದ 70ನ್ನು ದಾಟಿ ಹಾಗೆಯೇ ನಿಂತರೆ ಅದು ಬೆಳೆಯಲು ಬೇರೇನೂ ಬೇಕಾಗುವುದಿಲ್ಲ. ಆದ್ದರಿಂದ ಆಲ್ಬಮ್ಮನ್ನು ಮೊದಲು ಆರಿಸಬೇಕು, ಅದನ್ನೂ ನಮ್ಮ ಮಳೆಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು.

ನಾನು ಬಳಸುತ್ತಿರುವುದು ಎ4 ಅಳತೆಯ, ಗಟ್ಟಿ ರಟ್ಟಿನ ಹೊದಿಕೆಯ, ಡಿ-ರಿಂಗ್ ಆಲ್ಬಮ್. ಇದರ ರಿಂಗುಗಳು ಪೂರ್ತಿ ದುಂಡಗಿರದೆ ಒಂದು ಬದಿ ನೆಟ್ಟಗಿರುತ್ತವೆ. ಆ ನೇರ ಬದಿಗೆ ಹಾಳೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದರಿಂದ ಅಂಚುಗಳು ಹಿಂದೆ ಮುಂದೆ ಜಾರುವುದಿಲ್ಲ. ದುಂಡು ರಿಂಗಿನ ಫೈಲಿನಲ್ಲಿ ಮೊದಲ ಮತ್ತು ಕೊನೆಯ ಪುಟಗಳು ವಕ್ರಕ್ಕೆ ಸಿಕ್ಕಿ ಬಾಗುತ್ತವೆ, ಬಾಗಿದ ಪುಟದ ಮೇಲಿನ ಫೋಟೋ ಕ್ರಮೇಣ ಗೆರೆ ಬೀಳುತ್ತದೆ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವೂ ಇರುವುದಿಲ್ಲ. ಕೊಳ್ಳುವ ಮುನ್ನ ರಿಂಗು ಬಿಚ್ಚಿ ಮುಚ್ಚಿ, ಎರಡು ತುದಿಗಳು ಎಡೆಯಿಲ್ಲದೆ ಕೂಡುತ್ತವೆಯೇ ಎಂದು ಬೆರಳಾಡಿಸಿ ನೋಡಬೇಕು. ಕೂದಲೆಳೆಯಷ್ಟು ಸಂದಿಯಿದ್ದರೂ ಪುಟ ತಿರುವುವಾಗಲೆಲ್ಲ, ಹಾಳೆಯನ್ನು ಒಳಗಿಟ್ಟು ರಿಂಗಿಗೆ ಸೇರಿಸುವ ಪ್ಲಾಸ್ಟಿಕ್ ಲಕೋಟೆಯ ತೂತು ಅದರಲ್ಲಿ ಸಿಕ್ಕಿ ಹರಿಯುತ್ತದೆ.

ಈ ಹವ್ಯಾಸದ ಪ್ರಪಂಚದಲ್ಲಿ ಪ್ರಸಿದ್ಧವಾದ ಅಳತೆ 12 ಅಂಗುಲ ಉದ್ದ, 12 ಅಂಗುಲ ಅಗಲದ ಚೌಕ ಪುಟ. ಅದರ ಸೌಂದರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. 4 ಅಂಗುಲಕ್ಕೆ 6 ಅಂಗುಲದ ಫೋಟೋಗಳನ್ನು ನಾಲ್ಕು ಅಂಟಿಸಿದರೂ ಬರೆಯಲು ಧಾರಾಳವಾಗಿ ಜಾಗ ಉಳಿಯುತ್ತದೆ. ಎ4 ಪುಟದಲ್ಲಿ ಅಂಥ ಫೋಟೋಗಳನ್ನು ಅಡ್ಡಡ್ಡಲಾಗಿ ಎರಡು ಇಟ್ಟರೆ ಸುಮಾರು ಮೂರೂವರೆ ಅಂಗುಲ ಉಳಿಯುತ್ತದೆ, ಅಷ್ಟೇ. ಹಾಗಿದ್ದೂ ಎ4 ಅಳತೆಯನ್ನೇ ಶಿಫಾರಸು ಮಾಡಲು ಕಾರಣ ಬಹಳ ಸರಳ: ಅದರ ಹಾಳೆ, ಪ್ಲಾಸ್ಟಿಕ್ ಲಕೋಟೆ, ಹೆಚ್ಚುವರಿ ಫೈಲು ಎಲ್ಲವೂ ಎಂ.ಜಿ. ರಸ್ತೆಯ ಸ್ಟೇಷನರಿ ಅಂಗಡಿಗೆ ಹೋದರೆ ಸಿಗುತ್ತವೆ. ಚೌಕ ಆಲ್ಬಮ್ಮಿನ ಲಕೋಟೆ ಮುಗಿದರೆ ಆನ್‌ಲೈನಿನಲ್ಲಿ ತರಿಸಬೇಕು, ಅದೇ ಕಂಪನಿಯ ಅದೇ ಮಾದರಿ ಆ ಹೊತ್ತಿಗೆ ಮಾರಾಟದಲ್ಲಿರಬೇಕು, ಬೇರೆ ಕಂಪನಿಯದಾದರೆ ತೂತುಗಳ ನಡುವಿನ ಅಂತರ ಹೊಂದಬೇಕು. ವರ್ಷವರ್ಷವೂ ಬೆಳೆಯಬೇಕಾದ ಪುಸ್ತಕಕ್ಕೆ ಈ ಅವಲಂಬನೆ ಒಳ್ಳೆಯದಲ್ಲ.

ಪುಟಗಳನ್ನು ಪುಟ್ಟ ಕಂಬಗಳಿಗೆ ಸ್ಕ್ರೂ ಹಾಕಿ ಬಿಗಿಯುವ ಸ್ಕ್ರೂ ಕಂಬದ ಆಲ್ಬಮ್ಮುಗಳಲ್ಲಿ ಎದುರುಬದುರು ಪುಟಗಳ ನಡುವೆ ಸಂದಿಯೇ ಕಾಣುವುದಿಲ್ಲ. ದೊಡ್ಡ ಗುಂಪು ಚಿತ್ರವನ್ನು ಎರಡು ಪುಟಗಳಿಗೆ ಹರಡುವವರಿಗೆ ಅದು ನಿಜಕ್ಕೂ ಅನುಕೂಲ. ಆದರೆ ನಡುವೆ ಒಂದು ಪುಟ ಸೇರಿಸಬೇಕೆಂದರೆ ಸ್ಕ್ರೂ ಬಿಚ್ಚಿ ಅದರ ಮೇಲಿರುವ ಎಲ್ಲ ಪುಟಗಳನ್ನೂ ತೆಗೆಯಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಹಳೆಯ ಫೋಟೋಗಳು ಒಮ್ಮೆಲೇ ಸಿಗುವುದಿಲ್ಲ. ತೋಟದ ಮನೆಯ ಟ್ರಂಕಿನಿಂದ ಒಂದು, ಮೂಡಿಗೆರೆಯ ಅತ್ತೆಯ ಮನೆಯಿಂದ ಇನ್ನೊಂದು ಬಂದು ಸೇರುತ್ತಿರುವಾಗ ರಿಂಗು ತೆರೆದು ಪುಟವನ್ನು ಅದರ ಸ್ಥಾನದಲ್ಲಿ ಇಟ್ಟುಬಿಡುವ ಸೌಲಭ್ಯಕ್ಕೆ ಸಮನಾದುದು ಇಲ್ಲ.

ಫೋಟೋವನ್ನು ಪುಟದ ಮೇಲಿಟ್ಟು ಪಾರದರ್ಶಕ ಹಾಳೆ ಮುಚ್ಚಿದರೆ ಸಾಕು ಎನ್ನುವ ‘ಮ್ಯಾಗ್ನೆಟಿಕ್’ ಆಲ್ಬಮ್ಮನ್ನು ಮಾತ್ರ ಯಾರೂ ಕೊಳ್ಳಬಾರದು ಎಂದು ಕೈಮುಗಿದು ಹೇಳುತ್ತೇನೆ. ಅದರಲ್ಲಿ ಅಯಸ್ಕಾಂತವಿಲ್ಲ, ಇರುವುದು ಸಾಲುಸಾಲಾಗಿ ಬಳಿದ ಅಂಟು. ಮೊದಲೇ ಅಂಟು ಬಳಿದ ಪುಟವೆಂಬ ಕಲ್ಪನೆ ಹಳೆಯದು, ಲೇಖಕ ಮಾರ್ಕ್ ಟ್ವೈನ್ 1873ರಲ್ಲಿಯೇ ಅಂಥ ಸ್ಕ್ರ್ಯಾಪ್‌ಬುಕ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅದರ ಪುಟಗಳನ್ನು ನೀರು ಸವರಿ ಬಳಸಬೇಕಿತ್ತು. ಈಗಿನ ಮ್ಯಾಗ್ನೆಟಿಕ್ ಪುಟದ ಅಂಟು ವರ್ಷಗಳು ಕಳೆದಂತೆ ಹಳದಿಗಟ್ಟಿ ಫೋಟೋದ ಹಿಂಬದಿಗೆ ಇಳಿಯುತ್ತದೆ, ಎಳೆದರೆ ಫೋಟೋವೇ ಹರಿಯುತ್ತದೆ. ನಮ್ಮ ದೊಡ್ಡಮ್ಮನ ಮದುವೆಯ ಆಲ್ಬಮ್ ಅಂಥದ್ದೇ ಆಗಿತ್ತು. ಮೊದಲು ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಂಡು, ನಂತರ ಹಲ್ಲಿನ ಸಂದಿ ಶುಚಿಮಾಡುವ, ಮೇಣ ಹಚ್ಚದ ದಾರವನ್ನು (ಡೆಂಟಲ್ ಫ್ಲಾಸ್) ಫೋಟೋದ ಮೂಲೆಯ ಕೆಳಗೆ ತೂರಿಸಿ, ಗರಗಸ ಆಡಿಸುವಂತೆ ನಿಧಾನವಾಗಿ ಆ ಕಡೆ ಈ ಕಡೆ ಎಳೆಯುತ್ತ ಬಿಡಿಸಿದೆವು. ಬಿಡದೆ ಹಟ ಹಿಡಿದವನ್ನು ಬಲವಂತ ಮಾಡದೆ ಪುಟದ ಸಮೇತ ಕತ್ತರಿಸಿ ಲಕೋಟೆಗೆ ಸೇರಿಸಿದೆವು.

ಇನ್ನು ಲಕೋಟೆಯ ಪ್ಲಾಸ್ಟಿಕ್ಕು. ಆಲ್ಬಮ್ಮಿನ ಆಯುಷ್ಯ ನಿಂತಿರುವುದು ಇದರ ಮೇಲೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಬೇಕಾದದ್ದು ಪಾಲಿಪ್ರೊಪಿಲೀನ್, ಬೇಡವಾದದ್ದು ಪಿವಿಸಿ. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ದ್ರವ ಕಾಲಕ್ರಮದಲ್ಲಿ ಹೊರಬಂದು ಫೋಟೋದ ಮೈಗೆ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ ಸ್ವತಃ ಕೆಡುತ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಹೊಸ ರೇನ್‌ಕೋಟಿನ ಘಾಟು ವಾಸನೆ ಬಂದು, ಮುಟ್ಟಿದರೆ ಮೆತ್ತಗೆ ಜಿಗುಟಾಗಿರುವ ಲಕೋಟೆಯನ್ನು ಅಲ್ಲಿಯೇ ಹಿಂದಿರುಗಿಸಬೇಕು. ಪಾಲಿಪ್ರೊಪಿಲೀನ್‌ಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಹಿಸುಕಿದರೆ ಚರಚರ ಎನ್ನುತ್ತದೆ. ಪೊಟ್ಟಣದ ಮೇಲೆ ತ್ರಿಕೋನದ ಗುರುತಿದ್ದರೆ ಅದರೊಳಗೆ 5 ಇರಬೇಕು, 3 ಇದ್ದರೆ ಅದು ಪಿವಿಸಿ. ‘ಫೋಟೋ ಸೇಫ್’ ಎಂಬ ಮಾತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ‘ಪಿ.ಎ.ಟಿ.’ (ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್) ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಬರೆದಿದ್ದರೆ ಅದಕ್ಕೆ ಬೆಲೆಯಿದೆ, ಏಕೆಂದರೆ ಅದು ಐಎಸ್‌ಒ 18916 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಫೋಟೋದ ಮೇಲೆ ಆ ವಸ್ತುವಿನ ಪರಿಣಾಮವನ್ನು ಅಳೆಯುವ ಪರೀಕ್ಷೆ.

ಒಳಗಿನ ಹಾಳೆ ಆಮ್ಲರಹಿತವೂ, ಲಿಗ್ನಿನ್ ಎಂಬ ಮರದ ಅಂಶ ಇಲ್ಲದ್ದೂ ಆಗಿರಬೇಕು. ದಿನಪತ್ರಿಕೆ ಕೆಲವೇ ದಿನಗಳ ಬಿಸಿಲಿಗೆ ಹಳದಿಯಾಗುವುದು ಲಿಗ್ನಿನ್‌ನಿಂದಲೇ. ಆದ್ದರಿಂದ ಪತ್ರಿಕೆಯ ತುಣುಕನ್ನು ನೇರವಾಗಿ ಅಂಟಿಸದೆ ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ಹಾಕುವುದು ಲೇಸು. ಬಸ್ ಕಂಡಕ್ಟರು ಯಂತ್ರದಿಂದ ಹರಿದುಕೊಡುವ ಟಿಕೆಟಿಗೂ ಇದೇ ಮಾತು. ಅದು ಶಾಖಕ್ಕೆ ಕಪ್ಪಾಗುವ ಕಾಗದವಾದ್ದರಿಂದ ಬೇಲೂರಿಗೆ ಹೋಗಿಬಂದ ಟಿಕೆಟ್ ಕೆಲವು ವರ್ಷಗಳಲ್ಲಿ ಬರೀ ಬಿಳಿ ಚೀಟಿಯಾಗಿ ಉಳಿಯುತ್ತದೆ. ಹಾಳೆಯ ತೂಕ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಆಸುಪಾಸಿನಲ್ಲಿದ್ದರೆ ಎರಡು ಫೋಟೋಗಳ ಭಾರ ತಡೆಯುತ್ತದೆ. ನೀರಿನಂಶದ ಅಂಟು ಹಾಳೆಯನ್ನು ಸುಕ್ಕುಗಟ್ಟಿಸುತ್ತದೆ, ಸೆಲ್ಲೋಟೇಪು ಕಂದುಗಟ್ಟಿ ಕಲೆ ಬಿಡುತ್ತದೆ. ಫೋಟೋ ಕಾರ್ನರುಗಳನ್ನು ಹಾಳೆಗೆ ಅಂಟಿಸಿ ಫೋಟೋದ ಮೂಲೆಗಳನ್ನು ಅವುಗಳೊಳಗೆ ತೂರಿಸಿದರೆ ಫೋಟೋಗೆ ಅಂಟೇ ತಾಗುವುದಿಲ್ಲ, ನಾಳೆ ತೆಗೆದು ಸ್ಕ್ಯಾನ್ ಮಾಡಬೇಕೆಂದರೂ ತೊಂದರೆಯಿಲ್ಲ.

ನಮ್ಮವರ ಸ್ಕ್ರ್ಯಾಪ್‌ಬುಕ್‌ನಲ್ಲಿ ತಪ್ಪದೆ ಬರುವ ವಸ್ತುವೆಂದರೆ ಲಗ್ನಪತ್ರಿಕೆ. ಅದರ ನಾಲ್ಕು ಮೂಲೆಗೆ ಹಚ್ಚಿದ ಅರಿಶಿನ ಎಷ್ಟು ಒಣಗಿದರೂ ಪುಡಿ ಬಿಡುತ್ತಲೇ ಇರುತ್ತದೆ. ತೇವದ ದಿನಗಳಲ್ಲಿ ಆ ಪುಡಿ ಎದುರು ಪುಟದ ಫೋಟೋದ ಬಿಳಿ ಅಂಚಿಗೆ ಹತ್ತಿದರೆ ಮತ್ತೆ ಹೋಗುವುದಿಲ್ಲ. ಅರಿಶಿನವನ್ನು ಒರೆಸಿ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಪತ್ರಿಕೆಯನ್ನು ಮಾತ್ರ ಪ್ರತ್ಯೇಕ ಲಕೋಟೆಯಲ್ಲಿಟ್ಟು, ಅದೇ ರಿಂಗಿಗೆ ಸೇರಿಸಿದರೆ ಎರಡೂ ಉಳಿಯುತ್ತವೆ. ಒತ್ತಿ ಒಣಗಿಸಿದ ಕಾಫಿ ಹೂವಿಗೂ ಇದೇ ವ್ಯವಸ್ಥೆ ಮಾಡಬೇಕು. ಹೂವು ಹೇಗೂ ಕಂದಾಗುತ್ತದೆ, ಆದರೆ ಅದರ ತೇವ ಪಕ್ಕದ ಫೋಟೋಗೆ ಹೋಗಬಾರದು.

ಅಲಂಕಾರಕ್ಕಿಂತ ಬರಹಕ್ಕೆ ಹೆಚ್ಚು ಜಾಗ ಕೊಡಿ ಎಂದು ಹೊಸಬರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆಯಬೇಕು. “ಈ ಮಗು ಯಾರಜ್ಜಿ?” ಎಂದು ಒಂದು ಫೋಟೋ ತೋರಿಸಿದಾಗ ನಮ್ಮ ಅಜ್ಜಿ, “ಅದು ನಿಮ್ಮಪ್ಪ ಕಣೇ, ಕಿವಿ ಚುಚ್ಚಿದ ದಿನ, ಅತ್ತು ಅತ್ತು ಮುಖ ಊದಿತ್ತು” ಎಂದರು. ಮನೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಬರೆಯಲು ಪಿಗ್ಮೆಂಟ್ ಶಾಯಿಯ ಪೆನ್ನು ಬೇಕು, ಸಾಮಾನ್ಯ ಶಾಯಿ ತೇವಕ್ಕೆ ಹರಡುತ್ತದೆ. ಫೋಟೋದ ಹಿಂಬದಿಯಲ್ಲಿ ಬಾಲ್‌ಪೆನ್ ಒತ್ತಿ ಬರೆದರೆ ಮುಂಬದಿಯಲ್ಲಿ ಉಬ್ಬು ಮೂಡುತ್ತದೆ, ಮೆದು ಪೆನ್ಸಿಲ್ ಸಾಕು.

ಡಿ-ರಿಂಗ್ ಆಲ್ಬಮ್ಮಿನಲ್ಲಿ ಕೊರತೆಗಳಿಲ್ಲವೆಂದಲ್ಲ. ಎದುರುಬದುರು ಪುಟಗಳ ನಡುವೆ ರಿಂಗು ಎದ್ದು ಕಾಣುತ್ತದೆ, ನೋಡಲು ಕಚೇರಿಯ ಫೈಲಿನಂತೆ ಇರುತ್ತದೆ. ಲೋಹದ ಲೇಪ ತೆಳುವಾಗಿದ್ದರೆ ಮೂರನೆಯ ಮಳೆಗಾಲದ ಹೊತ್ತಿಗೆ ತುಕ್ಕಿನ ಚುಕ್ಕೆ ಕಾಣಿಸಿಕೊಳ್ಳುತ್ತದೆ. ರಿಂಗು ತಾಗುವುದು ಲಕೋಟೆಯ ಅಂಚಿನ ಪಟ್ಟಿಗೆ ಮಾತ್ರವಾದ್ದರಿಂದ ಹಾಳೆಗೆ ಅಪಾಯವಿಲ್ಲ, ಫೈಲನ್ನಷ್ಟೇ ಬದಲಿಸಿದರೆ ಆಯಿತು. ರಿಂಗಿನ ಪೂರ್ತಿ ಎತ್ತರಕ್ಕೆ ಪುಟ ತುಂಬಿದರೆ ತಿರುವುವುದು ಕಷ್ಟ. ಮುಕ್ಕಾಲು ಭಾಗ ತುಂಬಿದಾಗಲೇ ಎರಡನೆಯ ಫೈಲು ಆರಂಭಿಸಬೇಕು.

ಪುಟ ಕಟ್ಟುವ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿಯವರೆಗೆ ಇಟ್ಟುಕೊಳ್ಳುವುದು ಉತ್ತಮ. ಜುಲೈಯಲ್ಲಿ ಲಕೋಟೆಗೆ ಹಾಳೆ ಸೇರಿಸಿದರೆ ಅದರ ಜೊತೆ ತೇವವನ್ನೂ ಸೇರಿಸಿದಂತೆ. ಆಲ್ಬಮ್ಮನ್ನು ಮಳೆ ಬಡಿಯುವ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬಾರದು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂಬುದು ನಿಜವಾದರೂ ಹೊಗೆ ಫೋಟೋಗೆ ಆಗದು. ಒಳಗೋಡೆಯ ಕಬ್ಬಿಣದ ಬೀರುವಿನಲ್ಲಿ, ಬಿಗಿಯಾಗಿ ಒತ್ತದೆ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ಅದು ತೇವ ಹೀರಿ ತಣಿದಿದೆಯೆಂದು ಅರ್ಥ. ಅದನ್ನು ಬಿಸಿಮಾಡಿ ಮತ್ತೆ ಬಳಸಬಹುದು, ಆದರೆ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಅಡುಗೆಯ ಪಾತ್ರೆಗಳನ್ನು ಅದಕ್ಕೆ ಮುಟ್ಟಿಸಬಾರದು. ಮಳೆ ಹೊಳವಾದ ದಿನಗಳಲ್ಲಿ ಆಲ್ಬಮ್ಮನ್ನು ಹೊರತೆಗೆದು, ಬಿಸಿಲಿಗಲ್ಲ, ಫ್ಯಾನಿನ ಗಾಳಿಗೆ ಪುಟ ತಿರುವಿದರೆ ಬೂಷ್ಟು ತಲೆಯೆತ್ತುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಒಂದೇ ಮದುವೆ, ಒಂದೇ ಪ್ರವಾಸದಂತೆ ಮುಗಿದುಹೋದ ವಿಷಯಕ್ಕೆ ಉಡುಗೊರೆಯಾಗಿ ಪುಸ್ತಕ ಮಾಡುವವರು ಚೌಕ ಪುಟದ ಸ್ಕ್ರೂ ಆಲ್ಬಮ್ಮನ್ನು ಧೈರ್ಯವಾಗಿ ಕೊಳ್ಳಬಹುದು. ಮನೆಯ ಚರಿತ್ರೆಯನ್ನು ಕೂಡಿಸುತ್ತ ಹೋಗುವವರಿಗೆ ನನ್ನ ಶಿಫಾರಸು ಎ4 ಡಿ-ರಿಂಗ್ ಫೈಲು, ಪಾಲಿಪ್ರೊಪಿಲೀನ್ ಲಕೋಟೆ, ಆಮ್ಲರಹಿತ ಹಾಳೆ, ಒಂದು ಡಬ್ಬಿ ಫೋಟೋ ಕಾರ್ನರ್ ಮತ್ತು ಒಂದು ಪಿಗ್ಮೆಂಟ್ ಪೆನ್ನು. ಸ್ಟಿಕರುಗಳನ್ನು ಹತ್ತು ಪುಟ ಮುಗಿದ ನಂತರ ಕೊಂಡರೂ ತಡವಾಗುವುದಿಲ್ಲ.