ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಮಿಂಟ್: ಎರಡು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ನಾನು ಅತಿಥಿ ಉಪನ್ಯಾಸಕಿ. ವಾರದಲ್ಲಿ ಕೆಲವು ದಿನ ತುಮಕೂರಿನ ಒಂದು ಕಾಲೇಜು, ಉಳಿದ ದಿನ ಗುಬ್ಬಿಯಲ್ಲಿ ಇನ್ನೊಂದು. ಎರಡೂ ಕಡೆ ಸ್ಟಾಫ್ ರೂಮಿನಲ್ಲಿ ಒಂದೊಂದು ಕಂಪ್ಯೂಟರ್ ಇದೆ, ಎಲ್ಲರೂ ಅದರಲ್ಲೇ ಕೆಲಸ ಮಾಡಬೇಕು. ಮನೆಯಲ್ಲಿರುವುದು ತಮ್ಮನ ಡೆಸ್ಕ್‌ಟಾಪ್. ಗೌರವಧನ ಯಾವ ತಿಂಗಳು ಕೈಗೆ ಬರುತ್ತೋ ಗೊತ್ತಿಲ್ಲದ ಕೆಲಸದಲ್ಲಿ ಇಎಂಐ ಮೇಲೆ ಲ್ಯಾಪ್‌ಟಾಪ್ ತರುವ ಧೈರ್ಯ ಆಗಲಿಲ್ಲ. ಅದಕ್ಕೇ ತಮ್ಮ ತನ್ನ ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿಟ್ಟಿದ್ದ 240 ಜಿಬಿ ಎಸ್‌ಎಸ್‌ಡಿಯನ್ನು (ಹಾರ್ಡ್ ಡಿಸ್ಕ್ ಬದಲು ಬರುವ ವೇಗದ ಡಿಸ್ಕ್) ಒಂದು ಯುಎಸ್‌ಬಿ ಕೇಸಿಗೆ ಹಾಕಿ, ಅದರೊಳಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಇನ್‌ಸ್ಟಾಲ್ ಮಾಡಿಕೊಂಡೆ. ಯಾವ ಕಂಪ್ಯೂಟರಿಗೆ ಚುಚ್ಚಿ ಆನ್ ಮಾಡಿದರೂ ನನ್ನ ಡೆಸ್ಕ್‌ಟಾಪ್, ನನ್ನ ಫೈಲು, ನನ್ನ ಬ್ರೌಸರ್. ಕಿತ್ತುಕೊಂಡು ಹೊರಟರೆ ಅಲ್ಲಿ ನನ್ನದು ಏನೂ ಉಳಿಯುವುದಿಲ್ಲ.

ಈ ಆಲೋಚನೆ ಹೊಸದೇನಲ್ಲ. ಮೈಕ್ರೋಸಾಫ್ಟ್ 2012ರಲ್ಲೇ ವಿಂಡೋಸ್ 8 ಎಂಟರ್‌ಪ್ರೈಸ್ ಜೊತೆ 'ವಿಂಡೋಸ್ ಟು ಗೋ' ಅಂತ ಕೊಟ್ಟಿತ್ತು, 2020ರಲ್ಲಿ ತೆಗೆದುಹಾಕಿತು. ಲಿನಕ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ಆವೃತ್ತಿಯೇ ಬೇಕಿಲ್ಲ. ಒಳಗಿನ ಡಿಸ್ಕಿಗೆ ಹಾಕುವ ಹಾಗೇ ಹೊರಗಿನ ಡಿಸ್ಕಿಗೂ ಹಾಕಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಕೆಲಸಕ್ಕೆ ಪೆನ್‌ಡ್ರೈವ್ ಬೇಡ. ಆಪರೇಟಿಂಗ್ ಸಿಸ್ಟಮ್ ಸುಮ್ನೆ ಕೂರುವುದಿಲ್ಲ. ಬ್ರೌಸರ್ ಕ್ಯಾಶ್, ಲಾಗ್, ಅಪ್‌ಡೇಟ್ ಅಂತ ಚಿಕ್ಕ ಚಿಕ್ಕ ತುಣುಕುಗಳನ್ನು ಇಡೀ ದಿನ ಬರೆಯುತ್ತಲೇ ಇರುತ್ತೆ. ದೊಡ್ಡ ಸಿನಿಮಾ ಫೈಲನ್ನು ಸಲೀಸಾಗಿ ಕಾಪಿ ಮಾಡುವ ಪೆನ್‌ಡ್ರೈವ್ ಇಂಥ ಬರವಣಿಗೆಯಲ್ಲಿ ಏದುಸಿರು ಬಿಡುತ್ತೆ. ಬಿಸಿಯಾಗುತ್ತೆ, ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಎಲ್ಲಾ ನಿಂತುಬಿಡುತ್ತೆ, ಬೇಗ ಸವೆಯುತ್ತೆ ಕೂಡ. ಮಿಂಟ್ ಹೇಗಿದೆ ಅಂತ ನೋಡಲು, ಕೆಟ್ಟ ಕಂಪ್ಯೂಟರಿನಿಂದ ಫೈಲ್ ತೆಗೆಯಲು ಪೆನ್‌ಡ್ರೈವ್ ಸಾಕು. ಅಷ್ಟಕ್ಕೇ ಇಟ್ಟುಕೊಳ್ಳಿ.

ಎಸ್‌ಎಸ್‌ಡಿಯಾದರೆ ಕಥೆಯೇ ಬೇರೆ. ಆದರೆ ಯಾವ ಪೋರ್ಟಿಗೆ ಹಾಕುತ್ತೀರಿ ಅನ್ನುವುದು ಮುಖ್ಯ. ಯುಎಸ್‌ಬಿ 2.0ರಲ್ಲಿ ಎಷ್ಟೇ ಒಳ್ಳೆಯ ಡ್ರೈವ್ ಇದ್ದರೂ ಸೆಕೆಂಡಿಗೆ 30-40 ಎಂಬಿ ಮೇಲೆ ಬರುವುದಿಲ್ಲ. ಯುಎಸ್‌ಬಿ 3.0ರಲ್ಲಿ ಅದೇ ಡ್ರೈವ್ 400 ಎಂಬಿ ಹತ್ತಿರ ಓಡುತ್ತೆ. ಗುಬ್ಬಿಯ ಕಂಪ್ಯೂಟರಿನಲ್ಲಿ ಮುಂದಿರುವ ಪೋರ್ಟುಗಳೆಲ್ಲ 2.0, ಹಿಂದುಗಡೆ ಎರಡು ನೀಲಿ ಪೋರ್ಟ್ ಇವೆ, ಅವು 3.0. ಬಗ್ಗಿ ಹಿಂದೆಯೇ ಹಾಕುತ್ತೇನೆ. ಹಿಂದಿನ ಪೋರ್ಟುಗಳು ನೇರ ಮದರ್‌ಬೋರ್ಡಿನ ಮೇಲೇ ಇರುತ್ತವೆ, ಹಾಗಾಗಿ ಸಂಪರ್ಕವೂ ಗಟ್ಟಿ.

ಈ ಗಟ್ಟಿ ಸಂಪರ್ಕ ಎಷ್ಟು ಮುಖ್ಯ ಅಂತ ಗೊತ್ತಾಗಿದ್ದು ಮೊದಲ ಕೇಸಿನಿಂದ. ಅದರಲ್ಲಿದ್ದದ್ದು ಅಗಲ ಬಾಯಿಯ ಮೈಕ್ರೋ ಬಿ ಪಿನ್. ಒಂದು ಮಧ್ಯಾಹ್ನ ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೆ. ಪಕ್ಕದವರು ಹಾಜರಿ ಪುಸ್ತಕ ಎಳೆದುಕೊಂಡಾಗ ಕೇಬಲ್ ಒಂದು ಕೂದಲೆಳೆಯಷ್ಟು ಅಲ್ಲಾಡಿತು. ಪರದೆಯ ಮೇಲೆ ಏನೂ ಆಗಲಿಲ್ಲ. ಮೌಸ್ ಓಡಾಡುತ್ತಿತ್ತು, ಟೈಪ್ ಮಾಡಿದ ಅಕ್ಷರ ಮೂಡುತ್ತಿತ್ತು. ಸೇವ್ ಒತ್ತಿದರೆ ಮಾತ್ರ ಆಗಲ್ಲ ಅಂತು. ಟರ್ಮಿನಲ್‌ನಲ್ಲಿ ಏನು ಕೊಟ್ಟರೂ 'ಇನ್‌ಪುಟ್/ಔಟ್‌ಪುಟ್ ಎರರ್' ಅನ್ನುವ ಒಂದೇ ಉತ್ತರ. ಮೆಮೊರಿಗೆ ಮೊದಲೇ ಬಂದಿದ್ದ ಭಾಗ ನಡೆಯುತ್ತಿದೆ, ಕೆಳಗಿನ ಡಿಸ್ಕೇ ಮಾಯ. ಕೇಬಲ್ ಮತ್ತೆ ಒತ್ತಿದರೂ ಪ್ರಯೋಜನವಿಲ್ಲ, ಸಿಸ್ಟಮ್ ಅದನ್ನು ಹೊಸ ಡಿಸ್ಕ್ ಅಂತಲೇ ತಿಳಿಯುತ್ತೆ. ಇದ್ದಷ್ಟನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಪವರ್ ಬಟನ್ ಒತ್ತಿಹಿಡಿದೆ.

ಆ ವಾರವೇ ಎಂ.ಜಿ. ರಸ್ತೆಯ ಅಂಗಡಿಯಿಂದ ಟೈಪ್-ಸಿ ಕೇಸ್ ತಂದೆ, ಸಾವಿರ ರೂಪಾಯಿಯೊಳಗೇ ಆಯಿತು. ಗಿಡ್ಡ ಕೇಬಲ್ಲು, ಕೇಸಿನ ಬೆನ್ನಿಗೊಂದು ವೆಲ್ಕ್ರೋ ಪಟ್ಟಿ. ಸಿಪಿಯು ಹಿಂದೆ ಅಂಟಿಸಿಬಿಟ್ಟರೆ ಯಾರ ಕೈಗೂ ತಾಗುವುದಿಲ್ಲ. ಆಮೇಲೆ ಆ ತೊಂದರೆ ಬಂದಿಲ್ಲ. ದುಡ್ಡು ಉಳಿಸುವುದಾದರೆ ಡ್ರೈವಿನ ಜಿಬಿಯಲ್ಲಿ ಉಳಿಸಿ, ಕೇಸು ಕೇಬಲ್ಲಿನಲ್ಲಿ ಬೇಡ.

ಕರೆಂಟ್ ಹೋಗುವುದು ಇನ್ನೊಂದು ಕಾಟ. ಎರಡೂ ಕಾಲೇಜಿನಲ್ಲಿ ಸ್ಟಾಫ್ ರೂಮಿನ ಕಂಪ್ಯೂಟರಿಗೆ ಯುಪಿಎಸ್ ಇಲ್ಲ. ಫಕ್ ಅಂತ ಆರಿಹೋದರೂ ಇದುವರೆಗೆ ಡ್ರೈವ್ ಕೆಟ್ಟಿಲ್ಲ. ಮಿಂಟ್ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ತನ್ನ ಜರ್ನಲ್ (ಡಿಸ್ಕಿನಲ್ಲಿ ಮಾಡಲಿರುವ ಬದಲಾವಣೆಗಳ ದಾಖಲೆ) ನೋಡಿಕೊಂಡು ಮುಂದಿನ ಬೂಟಿನಲ್ಲಿ ಸರಿಮಾಡಿಕೊಳ್ಳುತ್ತೆ. ಲಿಬ್ರೆ ಆಫೀಸಿನ ಆಟೋ ಸೇವ್ 10 ನಿಮಿಷಕ್ಕೊಮ್ಮೆ ಇರುತ್ತೆ, ಅದನ್ನು 2ಕ್ಕೆ ಇಳಿಸಿಕೊಂಡಿದ್ದೇನೆ.

ಇನ್‌ಸ್ಟಾಲ್ ಮಾಡುವಾಗ ಒಂದು ವಿಷಯಕ್ಕೆ ಹುಷಾರು. ಯುಎಸ್‌ಬಿ ಡ್ರೈವನ್ನೇ ಆರಿಸಿದ್ದರೂ ಇನ್‌ಸ್ಟಾಲರ್ ಬೂಟ್‌ಲೋಡರನ್ನು (ಸಿಸ್ಟಮ್ಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೆ, ಅಂದರೆ ಅದಕ್ಕೆಂದೇ ಇರುವ ಭಾಗಕ್ಕೆ, ಬರೆದುಬಿಡಬಹುದು. ಆಗ ಡ್ರೈವ್ ಬೇರೆ ಕಂಪ್ಯೂಟರಿನಲ್ಲಿ ಏಳುವುದಿಲ್ಲ, ಡ್ರೈವ್ ಇಲ್ಲದೆ ಆ ಕಂಪ್ಯೂಟರ್ ತಕರಾರು ತೆಗೆಯುತ್ತೆ. ತಮ್ಮನ ಡೆಸ್ಕ್‌ಟಾಪಿನ ಕವರ್ ಬಿಚ್ಚಿ, ಒಳಗಿನ ಡಿಸ್ಕಿನ ಕೇಬಲ್ ಕಿತ್ತು, ಆಮೇಲೆ ಇನ್‌ಸ್ಟಾಲ್ ಮಾಡಿದೆವು. ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಡಿಸ್ಕ್ ಎನ್‌ಕ್ರಿಪ್ಶನ್ ಟಿಕ್ ಮಾಡುವುದನ್ನು ಬಿಡಬೇಡಿ. ಮಕ್ಕಳ ಮಾರ್ಕ್ಸ್ ಪಟ್ಟಿ ಇರುವ ಡ್ರೈವ್ ರೈಲಿನಲ್ಲಿ ಬಿದ್ದುಹೋದರೆ ಬೇರೆಯವರು ತೆರೆಯುವಂತಿರಬಾರದು, ಅಲ್ವಾ?

ಯಾವ ಡಿಸ್ಕಿನಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನುಗೆ, ಕಂಪ್ಯೂಟರ್ ಆನ್ ಆಗುವಾಗ ಒತ್ತಬೇಕಾದ ಕೀ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಸೆಕ್ಯೂರ್ ಬೂಟ್ (ಸಹಿ ಇರುವ ಸಿಸ್ಟಮ್ಮನ್ನು ಮಾತ್ರ ಏಳಲು ಬಿಡುವ ರಕ್ಷಣೆ) ಆನ್ ಇದ್ದಾಗಲೂ ಮಿಂಟ್ ಏಳುತ್ತೆ, ಹಾಗಾಗಿ ಬೇರೆಯವರ ಕಂಪ್ಯೂಟರಿನ ಬಯಾಸ್ ಸೆಟ್ಟಿಂಗ್ ಬದಲಿಸಲು ಹೋಗಬೇಡಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಇರುವ ಯಂತ್ರದಲ್ಲಿ ಹಾಗೆ ಮಾಡಿದರೆ ಮುಂದಿನ ಸಲ ವಿಂಡೋಸ್ ರಿಕವರಿ ಕೀ ಕೇಳಿ ಕೂರುತ್ತೆ.

ಕೇಳದೆ ಚುಚ್ಚಲೂಬೇಡಿ. ಗುಬ್ಬಿಯ ಲ್ಯಾಬ್ ಅಸಿಸ್ಟೆಂಟ್ ಮೊದಲ ದಿನವೇ, "ಮೇಡಂ, ಏನಾದ್ರೂ ಆದ್ರೆ ನಮ್ಮ ತಲೆಗೇ ಬರುತ್ತೆ" ಅಂದಿದ್ದರು. ಅವರ ಡಿಸ್ಕನ್ನು ನಾನು ತೆರೆಯುವುದೇ ಇಲ್ಲ ಅಂತ ಕೂರಿಸಿಕೊಂಡು ತೋರಿಸಿದೆ. ಒಪ್ಪಿದರು. ಸ್ವಲ್ಪ ದಿನಕ್ಕೆ ಮತ್ತೆ ಬಂದರು: "ಮೇಡಂ, ಬೆಳಿಗ್ಗೆ ಹನ್ನೊಂದಕ್ಕೆ ವಿಂಡೋಸ್ ಐದೂವರೆ ತೋರಿಸ್ತಿದೆ." ಕಂಪ್ಯೂಟರಿನೊಳಗಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆಧಾರ ಸಮಯ) ಇಡುತ್ತೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತೆ. ನಮಗೂ ಯುಟಿಸಿಗೂ ಇರುವ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಮಿಂಟ್‌ನಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟು ಅದೂ ಸ್ಥಳೀಯ ಸಮಯವನ್ನೇ ಇಡುವಂತೆ ಮಾಡಿದೆ, ಸರಿಹೋಯಿತು.

ಕನ್ನಡದ ವಿಷಯದಲ್ಲಿ ನನಗೆ ಪೂರ್ತಿ ಖುಷಿ. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಹಾಕಿಕೊಂಡರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತೆ, ನುಡಿಯಲ್ಲಿ ಪಳಗಿದ ಬೆರಳು ತಡವರಿಸುವುದಿಲ್ಲ. ಗುಬ್ಬಿ, ನವಿಲು ಫಾಂಟುಗಳನ್ನು ಸಾಫ್ಟ್‌ವೇರ್ ಮ್ಯಾನೇಜರಿನಿಂದಲೇ ಹಾಕಿಕೊಳ್ಳಬಹುದು. ಹಳೇ ನುಡಿ ಫೈಲುಗಳು ಮಾತ್ರ ಆ ಫಾಂಟು ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ, ಫಾಂಟ್ ಫೈಲ್ ಕಾಪಿ ಮಾಡಿಕೊಂಡರೆ ಓದಬಹುದು. ಕಾಲೇಜಿನ ವರ್ಡ್ ನಮೂನೆಗಳಲ್ಲಿ ಟೇಬಲ್ ಅಲ್ಲಲ್ಲಿ ಜರುಗುತ್ತೆ. ಕಳಿಸುವ ಮುಂಚೆ ಪಿಡಿಎಫ್ ಮಾಡಿಬಿಡುತ್ತೇನೆ. ಟ್ಯಾಲಿಯಲ್ಲೇ ದಿನವೆಲ್ಲ ಕೆಲಸ ಇರುವವರಿಗೆ ಈ ದಾರಿ ಆಗಿಬರುವುದಿಲ್ಲ, ಅದು ವಿಂಡೋಸ್ ತಂತ್ರಾಂಶ.

ಶುರು ಮಾಡಿದ್ದು ಮಿಂಟ್ 21ರಲ್ಲಿ. ಅದೇ ಡ್ರೈವಿನಲ್ಲಿ 22ಕ್ಕೆ ಅಪ್‌ಗ್ರೇಡ್ ಮಾಡಿದೆ, ಫೈಲುಗಳೆಲ್ಲ ಹಾಗೇ ಉಳಿದವು. 22ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತೆ. ಸಿಸ್ಟಮ್ ಕೆಟ್ಟರೆ ಹಿಂದಕ್ಕೆ ಹೋಗಲು ಟೈಮ್‌ಶಿಫ್ಟ್ ಇದೆ, ಆದರೆ ಅದು ನಮ್ಮ ಸ್ವಂತ ಫೈಲುಗಳಿಗಲ್ಲ. ಆ ಫೈಲುಗಳನ್ನು ಪ್ರತಿ ಭಾನುವಾರ ಮನೆಯಲ್ಲಿರುವ ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತೇನೆ. ಅದಾದ ಮೇಲೇ ಡ್ರೈವ್ ಸೋಮವಾರದ ಬ್ಯಾಗಿಗೆ.