ಕಾರಿನೊಳಗಿನ ಉಕ್ಕಿನ ಪೆಟ್ಟಿಗೆ: ಮೂರು ಚಳಿಗಾಲ ಬಳಸಿದ ಮೇಲೆ

2022ರ ಫೆಬ್ರವರಿಯ ಒಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ಪಾರ್ಕಿಂಗ್‌ಗೆ ಬಂದಾಗ, ಪಕ್ಕದ ಸಾಲಿನಲ್ಲಿ ನಿಂತಿದ್ದ ಸಹೋದ್ಯೋಗಿಯ ಕಾರಿನ ಕಿಟಕಿ ಗಾಜು ಹಿಮದ ಮೇಲೆ ಕಲ್ಲುಸಕ್ಕರೆಯಂತೆ ಚೆಲ್ಲಿಕೊಂಡಿತ್ತು. ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಬಾಯಿ ತೆರೆದು ಜೋತು ಬಿದ್ದಿತ್ತು. ಕಾರಿನ ಕಾಗದಪತ್ರ, ಕೈಗವಸು, ಚಿಲ್ಲರೆ ಹಣ ಎಲ್ಲವೂ ಇದ್ದಲ್ಲೇ ಇದ್ದವು. ಪಿಸ್ತೂಲು ಮಾತ್ರ ಇರಲಿಲ್ಲ. ಪೊಲೀಸರು ಮೊದಲು ಕೇಳಿದ್ದು ಅದರ ಸೀರಿಯಲ್ ನಂಬರ್. ಆಕೆ ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಕಳುವಾದದ್ದು ಗೊತ್ತಾದ ಐದು ದಿನದೊಳಗೆ ದೂರು ಕೊಡಬೇಕೆಂದು ಇಲ್ಲಿ, ಅಮೆರಿಕದ ಕೊಲರಾಡೋ ರಾಜ್ಯದಲ್ಲಿ, 2021ರಿಂದ ಕಾನೂನಿದೆ. ಆಕೆ ಐದು ನಿಮಿಷದಲ್ಲೇ ಕೊಟ್ಟರು. ಆ ಪಿಸ್ತೂಲು ಇಂದಿಗೂ ಸಿಕ್ಕಿಲ್ಲ.

ನಾನು ನನ್ನ ಕಾರಿನ ಬಾಗಿಲು ತೆಗೆದು ಸೀಟಿನ ಕೆಳಗೆ ಕೈ ಹಾಕಿ ನೋಡಿದೆ. ನನ್ನದು ಇತ್ತು, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಹಾಗೆಯೇ. ಬೀಗವಿಲ್ಲ, ಪೆಟ್ಟಿಗೆಯಿಲ್ಲ. ಎರಡು ಕಾರುಗಳ ನಡುವೆ ಇದ್ದ ವ್ಯತ್ಯಾಸ ಕಳ್ಳ ಯಾವ ಗಾಜನ್ನು ಆರಿಸಿಕೊಂಡ ಎಂಬುದಷ್ಟೇ. ಕಾರಿನಲ್ಲಿ ಪಿಸ್ತೂಲನ್ನು ಬೀಗ ಹಾಕಿಡುವ ಪೆಟ್ಟಿಗೆಯ ಈ ವಿಮರ್ಶೆ ಶುರುವಾಗುವುದು ಅಲ್ಲಿಂದ.

ನಾನು ವಿರಾಜಪೇಟೆಯ ಕಡೆಯವಳು; ಡೆನ್ವರ್ ಪಕ್ಕದ ಅರೋರಾದಲ್ಲಿ ನರ್ಸ್ ಕೆಲಸ. ಕೋವಿ ನಮ್ಮ ಮನೆಗೆ ಹೊಸದಲ್ಲ. ಕೊಡಗಿನ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡುಮನೆಯಲ್ಲಿ, ಅಜ್ಜನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಗಂಧ ಹಚ್ಚುವುದನ್ನು ನೋಡುತ್ತಾ ಬೆಳೆದವಳು. ಕೊಡವರಿಗೆ ಮತ್ತು ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದಿರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಆ ಕೋವಿಗೆ ಮನೆಯೊಳಗೆ ಒಂದು ಜಾಗವಿತ್ತು, ಅದನ್ನು ಮುಟ್ಟುವುದಕ್ಕೆ ಒಂದು ಹೊತ್ತಿತ್ತು. ಪಾರ್ಕಿಂಗ್ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕೋವಿಯನ್ನು ಗಾಡಿಯಲ್ಲಿ ಬಿಟ್ಟು ಹೋಗುತ್ತೀಯಾ ಮಗಳೇ?" ಎಂದರು. ಅವರು ಬಯ್ದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಬಿಟ್ಟು ಹೋಗದೆ ದಾರಿಯಿಲ್ಲ ಎಂಬುದು ಅವರಿಗೆ ಅರ್ಥವಾಗಲು ಸಮಯ ಹಿಡಿಯಿತು. ನನ್ನ ಬಳಿ ಕೌಂಟಿಯ ಶೆರಿಫ್ ಕೊಟ್ಟ ಪರವಾನಗಿ ಇದೆ. ಬಟ್ಟೆಯೊಳಗೆ ಮರೆಯಾಗಿ ಪಿಸ್ತೂಲು ಧರಿಸಬಹುದು. ಆದರೆ ಆಸ್ಪತ್ರೆಯ ಕಟ್ಟಡದೊಳಗೆ ಒಯ್ಯುವಂತಿಲ್ಲ, ಮಗಳ ಶಾಲೆಯೊಳಗೆ ಒಯ್ಯುವಂತಿಲ್ಲ. ಮನೆಯಿಂದ ಹೊರಟ ಪಿಸ್ತೂಲು ದಿನಕ್ಕೆ ಒಂದೆರಡು ಸಲವಾದರೂ ಕಾರಿನಲ್ಲಿ ಒಂಟಿಯಾಗುತ್ತದೆ.

ಇಲ್ಲಿಗೆ ಹೊಸದಾಗಿ ಬಂದಿರುವ ನಮ್ಮವರಿಗೆ ಒಂದು ಮಾತು. ಎಚ್1ಬಿಯಂತಹ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಇಡೀ ದೇಶಕ್ಕೆ ಅನ್ವಯಿಸುವ ಒಕ್ಕೂಟ (ಫೆಡರಲ್) ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆ ಲೈಸೆನ್ಸ್‌ನಂತಹ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದ ಮೇಲೆ ಈ ತಡೆ ಇರುವುದಿಲ್ಲ. ನಾನು ಅಲ್ಲಿಯವರೆಗೆ ಕಾದೆ. ನೀವೂ ಕಾಯಿರಿ.

ಫೆಬ್ರವರಿಯ ಆ ಘಟನೆಯ ನಂತರ ಅವಸರದಲ್ಲಿ ಕೊಂಡದ್ದು ಬೆರಳಚ್ಚಿನಿಂದ ತೆರೆಯುವ ಸಣ್ಣ ಪೆಟ್ಟಿಗೆ. ಉಕ್ಕಿನ ಕೇಬಲ್ಲಿನಿಂದ ಸೀಟಿನ ಕಾಲಿಗೆ ಕಟ್ಟುವಂಥದ್ದು. ಬೇಸಿಗೆಯಿಡೀ ಚೆನ್ನಾಗಿಯೇ ನಡೆಯಿತು. ಅಕ್ಟೋಬರಿನಿಂದ ತೊಂದರೆ ಶುರು. ದಿನಕ್ಕೆ ಐವತ್ತು ಸಲ ಸ್ಯಾನಿಟೈಸರ್ ಹಚ್ಚುವ ನರ್ಸ್‌ಗಳ ಬೆರಳ ತುದಿ ಕೊಲರಾಡೋದ ಒಣಹವೆಗೆ ಬಿರುಕು ಬಿಡುತ್ತದೆ. ಪೆಟ್ಟಿಗೆಗೆ ನನ್ನ ಗುರುತೇ ಹತ್ತುತ್ತಿರಲಿಲ್ಲ. 2022ರ ಡಿಸೆಂಬರ್ 22ರಂದು ಡೆನ್ವರ್‌ನಲ್ಲಿ ಮೈನಸ್ 24 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 31 ಸೆಲ್ಸಿಯಸ್ ಚಳಿ. ಆ ದಿನ ಅದರ ಬ್ಯಾಟರಿ ಪೂರ್ತಿ ಕೈಕೊಟ್ಟಿತು. ತುರ್ತು ಕೀಲಿಕೈ ಮನೆಯಲ್ಲಿತ್ತು. ಬೀಗ ಬಿದ್ದ ಪೆಟ್ಟಿಗೆಯೊಂದಿಗೇ ಮನೆಗೆ ಬಂದೆ.

ಬೆರಳಚ್ಚಿನ ಪೆಟ್ಟಿಗೆಗಳ ಬಗ್ಗೆ ನನಗೆ ನಂಬಿಕೆ ಪೂರ್ತಿ ಹೋದದ್ದು ಮರುವರ್ಷ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಂತಹ ಸುಮಾರು 61 ಸಾವಿರ ಪೆಟ್ಟಿಗೆಗಳ ವಾಪಸಾತಿ ಪ್ರಕಟಿಸಿತು. ಬೆರಳಚ್ಚು ದಾಖಲಿಸುವವರೆಗೆ ಅವು ಯಾರ ಬೆರಳಿಗೂ ತೆರೆದುಕೊಳ್ಳುತ್ತಿದ್ದವು; ಮಾಲೀಕರು ದಾಖಲಾಗಿದೆ ಎಂದೇ ತಿಳಿದಿದ್ದರು. ಹನ್ನೆರಡು ವರ್ಷದ ಒಬ್ಬ ಹುಡುಗ ಸತ್ತಿದ್ದ. ನನ್ನದು ಆ ಪಟ್ಟಿಯಲ್ಲಿರಲಿಲ್ಲ. ಆದರೂ ಆ ಸುದ್ದಿ ಓದಿದ ರಾತ್ರಿ ಎದ್ದು ಹೋಗಿ ಮಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಂತಹ ಪೆಟ್ಟಿಗೆ ನಿಮ್ಮಲ್ಲಿದ್ದರೆ ನಿಮ್ಮ ಬೆರಳಲ್ಲ, ಮನೆಯ ಬೇರೊಬ್ಬ ದೊಡ್ಡವರ ಬೆರಳು ಒತ್ತಿಸಿ ನೋಡಿ. ಪೆಟ್ಟಿಗೆ ಖಾಲಿಯಿರಲಿ.

ಈಗಿನ ಪೆಟ್ಟಿಗೆ 2023ರ ಜನವರಿಯದು. ಕಂಪನಿಯ ಹೆಸರು ಬರೆಯುತ್ತಿಲ್ಲ, ಏಕೆಂದರೆ ಈ ಬಗೆಯ ಪೆಟ್ಟಿಗೆ ಒಬ್ಬರೇ ಮಾಡುವುದಲ್ಲ. ಆಯ್ಕೆ ಮಾಡುವಾಗ ನೋಡಬೇಕಾದದ್ದು ಬೇರೆಯೇ ಇದೆ. ಇದು ಎರಡು ಮುಂದಿನ ಸೀಟುಗಳ ನಡುವೆ, ಕೈಯೂರುವ ಮುಚ್ಚಳದ ಕೆಳಗಿನ ಕನ್ಸೋಲ್ ಖಾನೆಯೊಳಗೆ ಕೂರುತ್ತದೆ. ನನ್ನ ಗಾಡಿಯ ಮಾದರಿಗೆಂದೇ ಅಳತೆ ಮಾಡಿದ್ದು. 12 ಗೇಜ್ ಉಕ್ಕು, ಎಂದರೆ ಸುಮಾರು 2.7 ಮಿಲಿಮೀಟರ್ ದಪ್ಪ. ಕೇಬಲ್ಲಿನ ಅಗ್ಗದ ಪೆಟ್ಟಿಗೆಗಳು ಹೆಚ್ಚಾಗಿ 16 ಅಥವಾ 18 ಗೇಜ್. ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು ಎಂಬುದು ನೆನಪಿರಲಿ. 16 ಗೇಜ್ ಎಂದರೆ ಒಂದೂವರೆ ಮಿಲಿಮೀಟರ್ ಅಷ್ಟೇ.

ಕೂರಿಸಲು ಗಾಡಿಗೆ ಹೊಸ ತೂತು ಕೊರೆಯಬೇಕಾಗಲಿಲ್ಲ. ಖಾನೆಯ ತಳದ ರಬ್ಬರ್ ಹಾಸು ಎತ್ತಿದರೆ ಕಾರ್ಖಾನೆಯ ಬೋಲ್ಟ್‌ಗಳು ಕಾಣುತ್ತವೆ; ಅವನ್ನು ಬಿಚ್ಚಿ, ಪೆಟ್ಟಿಗೆಯನ್ನು ಇಳಿಸಿ, ಅದರ ಒಳಗಿನಿಂದಲೇ ಮತ್ತೆ ಬಿಗಿಯುವುದು. ಬೋಲ್ಟ್‌ಗಳ ತಲೆ ಪೆಟ್ಟಿಗೆಯ ಒಳಗೆ ಬರುವುದರಿಂದ ಬೀಗ ತೆಗೆಯದೆ ಯಾರೂ ಅವನ್ನು ಬಿಚ್ಚಲಾಗದು. ನನ್ನವರು ಮತ್ತು ನಾನು ಸೇರಿ ಒಂದು ಭಾನುವಾರ ಮಧ್ಯಾಹ್ನ ನಲವತ್ತು ನಿಮಿಷದಲ್ಲಿ ಮುಗಿಸಿದೆವು. ಒಂದು ವಾಷರ್ ಖಾನೆಯ ಸಂದಿಗೆ ಬಿದ್ದು ಅದನ್ನು ಅಯಸ್ಕಾಂತದಿಂದ ಎತ್ತಿದ್ದೇ ಅದರಲ್ಲಿ ಹತ್ತು ನಿಮಿಷ.

ಬೀಗದಲ್ಲಿ ಎರಡು ಬಗೆ ಸಿಗುತ್ತಿದ್ದವು: ಕೀಲಿಕೈಯದು, ಅಂಕಿಗಳ ಚಕ್ರ ತಿರುಗಿಸುವುದು. ಬ್ಯಾಟರಿ ಇಲ್ಲದ್ದು ಬೇಕೆಂದು ಮೊದಲೇ ನಿರ್ಧರಿಸಿದ್ದೆ. ಚಕ್ರದ್ದನ್ನು ಕೊಂಡೆ, ಇದೊಂದನ್ನು ಈ ಮೂರು ವರ್ಷದಲ್ಲಿ ಒಮ್ಮೆಯೂ ಬೇಸರಿಸಿಕೊಂಡಿಲ್ಲ. ಕತ್ತಲಲ್ಲಿ ಅಂಕಿ ಕಾಣುವುದಿಲ್ಲ, ನಿಜ. ಬೆರಳು ಕಲಿತುಕೊಳ್ಳುತ್ತದೆ. ಒಂದು ಎಚ್ಚರ: ಬೀಗ ಹಾಕಿದ ಮೇಲೆ ಎಲ್ಲ ಚಕ್ರಗಳನ್ನೂ ಕಲಸಬೇಕು. ಅವಸರದಲ್ಲಿ ಒಂದೇ ಚಕ್ರವನ್ನು ಒಂದು ಮನೆ ಸರಿಸುವ ಚಾಳಿ ನನಗೆ ಹತ್ತಿತ್ತು. ಹಾಗೆ ಮಾಡಿದರೆ ಮಗು ಕೂಡ ಒಂದು ನಿಮಿಷದಲ್ಲಿ ತೆರೆಯಬಲ್ಲದು.

ಈಗ ದಿನನಿತ್ಯದ ಬಳಕೆ. ಕಳ್ಳನಿಗಿಂತ ಹೆಚ್ಚು ಯೋಚಿಸಬೇಕಾದದ್ದು ನಮ್ಮ ಕೈಯ ಬಗ್ಗೆ. ಇಕ್ಕಟ್ಟಾದ ಸೀಟಿನಲ್ಲಿ ಕುಳಿತು, ದಪ್ಪ ಕೋಟಿನ ಅಂಚನ್ನು ಎತ್ತಿ, ತುಂಬಿದ ಪಿಸ್ತೂಲನ್ನು ಸೊಂಟದಿಂದ ಹೊರತೆಗೆಯುವ ಆ ಕ್ಷಣವೇ ಇಡೀ ದಿನದಲ್ಲಿ ಎಲ್ಲಕ್ಕಿಂತ ಅಪಾಯದ್ದು. ಕೋಟಿನ ದಾರವೊಂದು ಟ್ರಿಗರ್‌ಗೆ ಸಿಕ್ಕಿಕೊಂಡರೆ ಸಾಕು. ಆದ್ದರಿಂದ ನಾನು ಒರೆಯಿಂದ ಪಿಸ್ತೂಲನ್ನು ತೆಗೆಯುವುದೇ ಇಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಒರೆ, ಟ್ರಿಗರ್ ಪೂರ್ತಿ ಮುಚ್ಚುವಂಥದ್ದು. ಒರೆಯ ಕ್ಲಿಪ್ಪನ್ನೇ ಬೆಲ್ಟಿನಿಂದ ಬಿಡಿಸಿ, ಒರೆಸಮೇತ ಪೆಟ್ಟಿಗೆಯಲ್ಲಿ ಮಲಗಿಸುತ್ತೇನೆ. ಬೆರಳಿಗೆ ಟ್ರಿಗರ್ ಸಿಗುವ ಸಂದರ್ಭವೇ ಬರುವುದಿಲ್ಲ. ಪೆಟ್ಟಿಗೆ ಕೊಳ್ಳುವ ಮೊದಲು ಒಳಗಿನ ಅಳತೆ ತೆಗೆದುಕೊಳ್ಳಿ, ಆದರೆ ಪಿಸ್ತೂಲಿನದಲ್ಲ, ಒರೆ ಸೇರಿದ ಪಿಸ್ತೂಲಿನದು. ನಾನು ಇದನ್ನು ಯೋಚಿಸದೆ ಕೊಂಡೆ; ಕಾಲಿಂಚು ಉಳಿಯಿತು.

ಇನ್ನೊಂದು: ಈ ಕೆಲಸವನ್ನು ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಮಾಡುವುದಿಲ್ಲ. ಯಾರು ಯಾವ ಕಾರಿನಲ್ಲಿ ಕುಳಿತು ನೋಡುತ್ತಿದ್ದಾರೋ ತಿಳಿಯದು. ಪಾಳಿ ಇರುವ ದಿನ ಮನೆಯ ಗ್ಯಾರೇಜಿನಲ್ಲೇ ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿಕೊಂಡು ಹೊರಡುತ್ತೇನೆ. ಹಿಂದಿನ ಗಾಜಿಗೆ ಬಂದೂಕು ಕಂಪನಿಯ ಸ್ಟಿಕರ್ ಅಂಟಿಸುವವರನ್ನು ಕಂಡಾಗ ಇಳಿದು ಹೋಗಿ ಹೇಳಬೇಕೆನಿಸುತ್ತದೆ. ಅದು ಕಳ್ಳನಿಗೆ ಬರೆದ ವಿಳಾಸ.

ಕೊರತೆಗಳೂ ಇವೆ. ಕನ್ಸೋಲ್ ಖಾನೆ ಹೋಯಿತು. ಫೋನ್ ಚಾರ್ಜರ್, ಕನ್ನಡಕ, ಮಗಳ ಬಿಸ್ಕತ್ತು ಎಲ್ಲವೂ ಬಾಗಿಲಿನ ಜೇಬಿಗೆ ಹೋದವು. ಎರಡನೇ ವರ್ಷ ಕಚ್ಚಾ ರಸ್ತೆಯಲ್ಲಿ ಮುಚ್ಚಳ ಲಟಲಟ ಸದ್ದು ಮಾಡತೊಡಗಿತು. ಅಂಚಿಗೆ ಫೆಲ್ಟ್ ಪಟ್ಟಿ ಅಂಟಿಸಿದೆ, ನಿಂತಿತು. ಒಳಗಿನ ಮೆತ್ತೆ ಒಂದು ಮೂಲೆಯಲ್ಲಿ ಎದ್ದಿದೆ. ಇಷ್ಟು ಬೆಲೆಗೆ, ಅಂದರೆ 300 ಡಾಲರ್‌ಗೂ ಹೆಚ್ಚಿಗೆ, ಅಂಟು ಇನ್ನೂ ಗಟ್ಟಿಯಾಗಿರಬೇಕಿತ್ತು. ಮೊದಲ ಚಳಿಗಾಲದಲ್ಲಿ ಚಕ್ರಗಳು ಬಿಗಿಯಾದಾಗ ಎಣ್ಣೆ ಬಿಡಲು ಹೋದವಳನ್ನು ಬೀಗ ರಿಪೇರಿಯ ಅಂಗಡಿಯವರು ತಡೆದು ಗ್ರಾಫೈಟ್ ಪುಡಿ ಕೊಟ್ಟರು. ಎಣ್ಣೆ ಚಳಿಗೆ ಮಂದವಾಗಿ ಧೂಳನ್ನು ಹಿಡಿಯುತ್ತದಂತೆ. ಇವೆಲ್ಲ ಸಣ್ಣವು.

ಸಣ್ಣದಲ್ಲದ್ದು ತೇವ. ರಾತ್ರಿಯಿಡೀ ಹಿಮದಲ್ಲಿ ತಣ್ಣಗಾದ ಲೋಹವನ್ನು ಬೆಚ್ಚಗಿನ ಮನೆಯೊಳಗೆ ತಂದರೆ ಅದು ಬೆವರುತ್ತದೆ. ಮೊದಲ ಮಾರ್ಚ್‌ನಲ್ಲಿ ಪಿಸ್ತೂಲಿನ ಮೇಲ್ಭಾಗದ ಜಾರುವ ಲೋಹದ ಭಾಗವಾದ ಸ್ಲೈಡಿನ ಒಂದು ಬದಿಯಲ್ಲಿ ಕಾಫಿ ಪುಡಿ ಉದುರಿಸಿದಂತೆ ತುಕ್ಕಿನ ಚುಕ್ಕೆಗಳನ್ನು ಕಂಡು ಹೊಟ್ಟೆ ತೊಳೆಸಿತು. ಈಗ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ, ತಿಂಗಳಿಗೊಮ್ಮೆ ಬದಲಿಸುತ್ತೇನೆ. ವಾರಕ್ಕೊಮ್ಮೆ ಗುಂಡು ಖಾಲಿ ಮಾಡಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ.

ಕಾನೂನಿನ ಲೆಕ್ಕದಲ್ಲಿ ಈ ಪೆಟ್ಟಿಗೆ ನನಗೆ ಮುಂಚೆಯೇ ಬಂದಂತಾಯಿತು. 2025ರ ಜನವರಿ 1ರಿಂದ ಕೊಲರಾಡೋದಲ್ಲಿ, ಯಾರೂ ಇಲ್ಲದ ವಾಹನದಲ್ಲಿ ಹ್ಯಾಂಡ್‌ಗನ್ ಬಿಟ್ಟರೆ ಅದು ಗಟ್ಟಿ ಕವಚದ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಪೆಟ್ಟಿಗೆ ಹೊರಗಿನವರ ಕಣ್ಣಿಗೆ ಬೀಳಬಾರದು, ವಾಹನಕ್ಕೂ ಬೀಗ ಇರಬೇಕು. ನನ್ನದು ಮೂರಕ್ಕೂ ಸರಿ ಹೊಂದುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂತಹುದೇ ಕಾನೂನು 2017ರಿಂದ ಇದೆ. ಗ್ಲೋವ್ ಬಾಕ್ಸ್‌ಗೆ ಬೀಗ ಹಾಕಿದರೂ ಅದನ್ನು ಪೆಟ್ಟಿಗೆ ಎಂದು ಅಲ್ಲಿ ಒಪ್ಪುವುದಿಲ್ಲ.

ಪೆಟ್ಟಿಗೆ ಇದ್ದರೂ ಕೆಲಸಕ್ಕೆ ಬಾರದ ಒಂದು ಜಾಗ ಅಂಚೆ ಕಚೇರಿ. ಬಂದೂಕು ತರಬಾರದೆಂಬ ಅಂಚೆ ಇಲಾಖೆಯ ನಿಯಮ ಅವರ ಪಾರ್ಕಿಂಗ್ ಜಾಗಕ್ಕೂ ಅನ್ವಯಿಸುತ್ತದೆ. ನಮ್ಮ ರಾಜ್ಯದ ಆವನ್ ಎಂಬ ಪಟ್ಟಣದ ಅಂಚೆ ಕಚೇರಿಗೆ ಹೋಗುತ್ತಿದ್ದವರೊಬ್ಬರು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಿದ್ದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಊರಿಗೆ ಪಾರ್ಸೆಲ್ ಕಳಿಸುವ ದಿನ ನನ್ನ ಪಿಸ್ತೂಲು ಮನೆ ಬಿಟ್ಟು ಹೊರಡುವುದಿಲ್ಲ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಕಥೆ ಬೇರೆ: 2010ರಿಂದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿನಂತೆ ಇಟ್ಟುಕೊಳ್ಳಬಹುದು, ಆದರೆ ಸಂದರ್ಶಕರ ಕೇಂದ್ರದಂತಹ ಸರ್ಕಾರಿ ಕಟ್ಟಡದೊಳಗೆ ಒಯ್ಯುವಂತಿಲ್ಲ. ಅಲ್ಲಿ ಪೆಟ್ಟಿಗೆ ಬೇಕು. ಆ ಕಡೆಯ ಕರಡಿಗಳಿಗೆ ಕಾರಿನ ಬಾಗಿಲು ತೆಗೆಯಲು ಬರುತ್ತದೆ, ಬಿಸ್ಕತ್ತಿನ ಚೂರನ್ನೂ ಕಾರಿನಲ್ಲಿ ಬಿಡಬೇಡಿ.

ಬೇರೆ ರಾಜ್ಯಗಳನ್ನು ದಾಟಿ ಹೋಗುವವರು ಗಮನಿಸಬೇಕಾದ ಒಂದು ಅಂಶವನ್ನು ನಾನು ಕೊಂಡ ಮೇಲೆ ತಿಳಿದುಕೊಂಡೆ. ದಾರಿಯಲ್ಲಿ ಸಿಗುವ ರಾಜ್ಯದ ಕಾನೂನು ಏನೇ ಇದ್ದರೂ ಪ್ರಯಾಣಿಕರಿಗೆ ರಕ್ಷಣೆ ಕೊಡುವ 1986ರ ಒಕ್ಕೂಟ ಕಾನೂನು ಬಂದೂಕು ಖಾಲಿಯಿರಬೇಕು, ಸುಲಭವಾಗಿ ಕೈಗೆ ಸಿಗಬಾರದು ಎನ್ನುತ್ತದೆ. ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಆದರೆ ಆ ಪೆಟ್ಟಿಗೆ ಗ್ಲೋವ್ ಬಾಕ್ಸ್ ಅಥವಾ ಕನ್ಸೋಲ್ ಆಗಿರಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಕನ್ಸೋಲಿನೊಳಗಿನ ಉಕ್ಕಿನ ಪೆಟ್ಟಿಗೆಯನ್ನು ಏನೆಂದು ಕರೆಯಬೇಕೆಂದು ರಸ್ತೆಬದಿಯಲ್ಲಿ ಪೊಲೀಸರೊಂದಿಗೆ ವಾದಿಸುವ ಆಸೆ ನನಗಿಲ್ಲ. ದೂರದ ಪ್ರಯಾಣಕ್ಕೆ ಕೇಬಲ್ಲಿನ ಇನ್ನೊಂದು ಪೆಟ್ಟಿಗೆ, ಕೀಲಿಕೈಯದು, ಗಾಡಿಯ ಹಿಂಭಾಗದಲ್ಲಿ ಲಗೇಜಿನ ಕೆಳಗೆ ಇರುತ್ತದೆ. ಗುಂಡುಗಳು ಬೇರೆ ಡಬ್ಬಿಯಲ್ಲಿ.

ಬಂದೂಕು ಹಿಂಸೆ ತಡೆಗೆ ದುಡಿಯುವ ಎವ್ರಿಟೌನ್ ಸಂಸ್ಥೆ ಎಫ್‌ಬಿಐ ಅಂಕಿಅಂಶಗಳನ್ನು ವಿಶ್ಲೇಷಿಸಿ ಹೇಳಿದಂತೆ, 2022ರಲ್ಲಿ ಅದು ಪರಿಶೀಲಿಸಿದ ನಗರಗಳಲ್ಲಿ ಕಳುವಾದ ಬಂದೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾರುಗಳಿಂದಲೇ ಹೋದವು, ಅದರಲ್ಲೂ ಮನೆಯ ಮುಂದೆ ನಿಂತ ಕಾರುಗಳಿಂದ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಬೀದಿಯಲ್ಲೇ ಎಷ್ಟೋ ಮಂದಿ ಪಿಸ್ತೂಲನ್ನು ರಾತ್ರಿ ಕಾರಿನಲ್ಲೇ ಬಿಟ್ಟು ಮಲಗುತ್ತಾರೆ. 2.7 ಮಿಲಿಮೀಟರ್ ಉಕ್ಕು ಕಿಟಕಿ ಒಡೆದು ಎರಡು ನಿಮಿಷ ತಡಕಾಡುವವನನ್ನು ತಡೆಯುತ್ತದೆ. ಕಾರನ್ನೇ ಎಳೆದುಕೊಂಡು ಹೋಗಿ ಶೆಡ್ಡಿನಲ್ಲಿ ಗರಗಸ ಹಿಡಿದು ಕೂರುವವನನ್ನು ತಡೆಯಲಾರದು. ಆದ್ದರಿಂದ ಪ್ರತಿ ಸಂಜೆ, ಪಾಳಿಯಿದ್ದರೆ ಪ್ರತಿ ಬೆಳಿಗ್ಗೆ, ಮನೆಗೆ ಬಂದ ಕೂಡಲೇ ಪಿಸ್ತೂಲು ಒರೆಸಮೇತ ಒಳಗೆ ಬರುತ್ತದೆ, ಮನೆಯ ಲಾಕರಿಗೆ ಸೇರುತ್ತದೆ. ಗಾಡಿಯನ್ನು ಸರ್ವಿಸ್‌ಗೆ ಬಿಡುವಾಗಲೂ ಅಷ್ಟೆ. ಕಾರಿನ ಪೆಟ್ಟಿಗೆ ಖಾಲಿಯಿದ್ದಾಗ ಮುಚ್ಚಳ ತೆರೆದೇ ಇಡುತ್ತೇನೆ. ಬೀಗ ಬಿದ್ದ ಖಾಲಿ ಪೆಟ್ಟಿಗೆಗಾಗಿ ಯಾರಾದರೂ ಕನ್ಸೋಲ್ ಕಿತ್ತು ಹಾಕುವುದು ಬೇಡ.

ಸೀರಿಯಲ್ ನಂಬರನ್ನು ಮೂರು ಕಡೆ ಬರೆದಿಟ್ಟಿದ್ದೇನೆ. ಒಂದು ಚೀಟಿ ಮನೆಯ ಲಾಕರಿನಲ್ಲಿ, ಒಂದು ನನ್ನವರ ಕಡತದಲ್ಲಿ. ಮೂರನೆಯದು ವಿರಾಜಪೇಟೆಯಲ್ಲಿ, ಅಪ್ಪನ ಜಮೀನು ಕಾಗದಗಳ ಜೊತೆ. ಅವರೇ ಕೇಳಿ ಬರೆದುಕೊಂಡರು, ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೇಳಿಸಿಕೊಂಡು.