ಸೈಕಲ್ ಅಂಗಡಿಗೆ ರೆಡಿ ಇ-ಸೈಕಲ್ಲೋ, ಕಿಟ್ಟೋ?

ಮಾರಾಟಕ್ಕೆ ಕಂಪನಿಯ ರೆಡಿ ಇ-ಸೈಕಲ್ (ಬ್ಯಾಟರಿ ಸೈಕಲ್) ಇಡಲೋ, ಇಲ್ಲ ಮಾಮೂಲಿ ಸೈಕಲ್‌ಗೆ ಮೋಟರ್, ಬ್ಯಾಟರಿ ಕೂರಿಸುವ ಕಿಟ್ ಇಡಲೋ ಅಂತ ಜಯನಗರದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಗೆಳೆಯರು ಕೇಳಿದ್ದರು. ಬಂಡವಾಳ ನೋಡಿದರೆ ಕಿಟ್ ಹಗುರ. ಗಿರಾಕಿ ಬಂದಾಗ ತರಿಸಿದರಾಯಿತು. ರೆಡಿ ಸೈಕಲ್ ದುಡ್ಡನ್ನೂ ಜಾಗವನ್ನೂ ಕಟ್ಟಿಹಾಕುತ್ತದೆ. ಸುಮ್ನೆ ನಿಂತರೂ ಬ್ಯಾಟರಿಯನ್ನು ಆಗಾಗ ಚಾರ್ಜ್ ಮಾಡಬೇಕು.

ನಿಜವಾದ ತಲೆನೋವು ರಿಪೇರಿ. ಕಿಟ್ ಕೂರಿಸಿದವರು ನೀವು. ಏನೇ ಕೆಟ್ಟರೂ ಗಿರಾಕಿ ನಿಮ್ಮನ್ನೇ ಹಿಡಿಯುತ್ತಾನೆ. ಸೈಕಲ್‌ನ ಹಳೇ ಬ್ರೇಕು ಕಿಟ್‌ನ ಭಾರ, ಮೋಟರ್‌ನ ವೇಗ ತಡೆಯಬೇಕಲ್ವಾ? ರೆಡಿ ಸೈಕಲ್‌ಗೆ ಕಂಪನಿ ವಾರಂಟಿ ಇರುತ್ತದೆ. ಆದರೆ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ.

ಮೋಟರ್ 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಮಿತಿಯೊಳಗಿನ, ಅನುಮೋದನೆ ಇರುವ ಮಾದರಿಗೆ ಡ್ರೈವಿಂಗ್ ಲೈಸೆನ್ಸ್, ನೋಂದಣಿ ಬೇಡ.

ವೈರಿಂಗ್ ಬಲ್ಲ ಹುಡುಗನಿದ್ದರೆ ಕಿಟ್‌ನಿಂದ ಶುರು ಮಾಡಿ. ಆಫೀಸಿಗೆ ಓಡಾಡುವ ಗಿರಾಕಿಗಳೇ ಜಾಸ್ತಿಯಾದರೆ ಒಂದೇ ಒಂದು ರೆಡಿ ಸೈಕಲ್ ಇಡಿ. ಬುಲ್ ಟೆಂಪಲ್ ರಸ್ತೆಯ ಏರು ಹತ್ತಿಸಿ ತೋರಿಸಿ.